ಕೆರೆಯದೆ ಬಿಟ್ಟ ಬಣ್ಣ

ಜಟ್ಟಪ್ಪನಂಥ ಇನ್ನೊಬ್ಬ ಹಠಮಾರಿ ಗಿರಾಕಿಯನ್ನು ನಾನು ಕಂಡಿಲ್ಲ. ಗಾಂಧಿ ಬಜಾರಿನಲ್ಲಿ ನನ್ನದು ವಾಹನಗಳ ಲೈಟು, ವೈರು, ಸ್ವಿಚ್ಚಿನ ಅಂಗಡಿ. ಅವನದು ಮಾಚೇನಹಳ್ಳಿಯಲ್ಲಿ ಒಂದು ತಗಡಿನ ಶೆಡ್ಡು. ಟ್ರ್ಯಾಕ್ಟರ್ ಎಳೆಯುವ ಟ್ರೇಲರ್‌ಗಳಿಗೆ ದೀಪ ಕೂರಿಸುವುದೇ ಇಪ್ಪತ್ತಾರು ವರ್ಷದ ಕಸುಬು. ಅಗ್ಗದ ಲೈಟು ತೋರಿಸಿದರೆ ಮುಖ ಗಂಟಿಕ್ಕುತ್ತಿದ್ದ. "ಮಲ್ಲಿಕಣ್ಣ, ಒಂದು ಮಳೆ ಬಂದ್ರೆ ಸಾಕು, ಇದ್ರೊಳಗೆ ಮೀನು ಸಾಕ್ಬಹುದು" ಎಂದು ವಾಪಸ್ ನೂಕುತ್ತಿದ್ದ. ವೈರಿನ ತುದಿಯನ್ನು ಹಲ್ಲಿನಲ್ಲಿ ಸುಲಿದು, ಒಳಗೆ ತಾಮ್ರ ಎಷ್ಟಿದೆ ಎಂದು ನೋಡದೆ ಒಂದು ಮೊಳವನ್ನೂ ಕೊಂಡವನಲ್ಲ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೂ ಅವನು ಬಂದರೆ ಮೊದಲು ಟೀ ತರಿಸುತ್ತಿದ್ದವನು ನಾನೇ.

ದೀಪಕ್ಕೆ ಕರೆಂಟು ಬಂದರೆ ಸಾಲದು, ಮರಳಲು ದಾರಿ ಬೇಕು. ಟ್ರೇಲರಿನಲ್ಲಿ ಆ ದಾರಿ ಅದರ ಕಬ್ಬಿಣದ ಮೈ. ಟ್ರ್ಯಾಕ್ಟರಿನಿಂದ ಬಂದ ಅರ್ತ್ ವೈರನ್ನು ಆ ಮೈಗೆ ಬೋಲ್ಟ್ ಹಾಕಿ ಬಿಗಿಯುವ ಮುಂಚೆ ಜಟ್ಟಪ್ಪ ಬಣ್ಣ ಕೆರೆದು, ಕಬ್ಬಿಣ ಬೆಳ್ಳಗೆ ಕಾಣುವವರೆಗೆ ಉಜ್ಜುತ್ತಿದ್ದ. ಬಣ್ಣದ ಮೂಲಕ ಕರೆಂಟು ಹರಿಯದು; ಅದರ ಮೇಲೆ ಬಿಗಿದರೆ ಆ ವೈರು ಇದ್ದೂ ಇಲ್ಲದ ಹಾಗೆ.

ಹೋದ ವರ್ಷದ ಆಯುಧಪೂಜೆಯ ದಿನ ಶಿವಯೋಗಪ್ಪ ಎಂಬ ರೈತರ ಟ್ರೇಲರ್ ಅವನ ಶೆಡ್ಡಿಗೆ ಬಂತು. ನಮ್ಮ ಕಡೆ ಹಬ್ಬಕ್ಕೆ ಗಾಡಿಗೆ ಹೊಸ ಬಣ್ಣ ಹೊಡೆಸುವುದು ವಾಡಿಕೆ. ಪೇಂಟಿನವನು ಹಳೆಯ ವೈರನ್ನೆಲ್ಲ ಕಿತ್ತು ಮೂಲೆಮೂಲೆಗೂ ನೀಲಿ ಬಳಿದಿದ್ದ. ಅರಿಶಿನ, ಕುಂಕುಮ ಹಚ್ಚಿ ಪೂಜೆಯೂ ಆಗಿತ್ತು. ಜಟ್ಟಪ್ಪ ಅರ ಹಿಡಿದು ಬಗ್ಗಿದ್ದೇ ತಡ, ಶಿವಯೋಗಪ್ಪ ಕೂಗಿದರು.

"ಏಯ್, ಪೂಜೆ ಆದ ಗಾಡಿ ಮಾರಾಯ! ಇವತ್ತೇ ಅದರ ಮೈ ಕೆರೀತೀಯಾ? ಹಬ್ಬ ಮುಗೀಲಿ, ಕಳಿಸ್ತೀನಿ. ಆಮೇಲೆ ಏನ್ ಬೇಕಾದ್ರೂ ಮಾಡ್ಕೋ."

ದೀಪ ಕೊಡಲು ಹೋಗಿದ್ದ ನಾನೂ, "ಬಿಡೋ, ಒಂದೆರಡು ದಿನಕ್ಕೆ ಏನಾಗುತ್ತೆ" ಎಂದು ನಕ್ಕೆ. ನನ್ನ ಬಾಯಿಗೆ ಹುಳ ಬೀಳ! ಜಟ್ಟಪ್ಪ ಬಣ್ಣದ ಮೇಲೆಯೇ ಬೋಲ್ಟ್ ಬಿಗಿದ. ಸ್ವಿಚ್ ಹಾಕಿದರೆ ದೀಪವೇನೋ ಉರಿಯಿತು. ಟ್ರ್ಯಾಕ್ಟರನ್ನೂ ಟ್ರೇಲರನ್ನೂ ಸೇರಿಸುವ ಕೊಂಡಿಯ ಪಿನ್ನಿನ ಮೂಲಕ ಕರೆಂಟು ದಾರಿ ಮಾಡಿಕೊಂಡಿತ್ತು. ಗಾಡಿ ಕುಲುಕಿ ಪಿನ್ನು ಸಡಿಲಾದರೆ ದೀಪ ಆರುತ್ತದೆ. ಅದು ಅವನಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಹಬ್ಬ ಮುಗಿಯಿತು. ಶಿವಯೋಗಪ್ಪ ಗಾಡಿ ಕಳಿಸಲಿಲ್ಲ, ಇವನೂ ಫೋನ್ ಮಾಡಲಿಲ್ಲ.

ಒಂಬತ್ತನೆಯ ದಿನ ಮುಸ್ಸಂಜೆ, ಭದ್ರಾವತಿ ರಸ್ತೆಯ ಬದಿಯಲ್ಲಿ ದೀಪದ ಸ್ವಿಚ್ ಹಾಕಿಯೇ ಟ್ರ್ಯಾಕ್ಟರ್ ಸಮೇತ ನಿಲ್ಲಿಸಿದ್ದ ಆ ಟ್ರೇಲರಿಗೆ ಹಿಂದಿನಿಂದ ಒಂದು ಬೈಕು ಗುದ್ದಿತು. ಕಾರ್ಖಾನೆಯೊಂದರಲ್ಲಿ ಲೇತ್ ಕೆಲಸ ಮುಗಿಸಿ ಆ ಬೈಕಿನಲ್ಲಿ ಭದ್ರಾವತಿಯ ಮನೆಗೆ ಹೊರಟಿದ್ದ ವಿಷ್ಣು ಎಂಬವನು ಅಲ್ಲೇ ಸತ್ತ. ಪೊಲೀಸರು ಬಂದು ಸ್ವಿಚ್ ಆರಿಸಿ ಮತ್ತೆ ಹಾಕಿಸಿದಾಗ ದೀಪ ಉರಿಯಿತು. ಗುದ್ದಿದ ಹೊಡೆತಕ್ಕೆ ಪಿನ್ನು ಮತ್ತೆ ಕಚ್ಚಿಕೊಂಡಿತ್ತು. ವಿಷ್ಣು ಮೊದಲು ಕುಡಿಯುತ್ತಿದ್ದವನು, ಬಿಟ್ಟು ನಾಲ್ಕು ವರ್ಷವಾಗಿತ್ತು. ಇಷ್ಟು ದೊಡ್ಡ ಕೆಂಪು ದೀಪ ಕಾಣದವನು ಮತ್ತೆ ಶುರು ಮಾಡಿಕೊಂಡಿರಬೇಕು ಎಂದು ಲ್ಯಾಬಿನ ರಕ್ತಪರೀಕ್ಷೆಯ ವರದಿ ಬರುವ ಮೊದಲೇ ಜನ ತೀರ್ಮಾನಿಸಿದರು.

ವಾರ ಕಳೆದು ಜಟ್ಟಪ್ಪ ನನ್ನ ಅಂಗಡಿಗೆ ಬಂದ. ಕಣ್ಣು ಕೆಂಪಗಿತ್ತು.

"ಆ ಟ್ರೇಲರ್ ಹೋಗಿ ನೋಡ್ದೆ ಮಲ್ಲಿಕಣ್ಣ. ಪಿನ್ ಅಲ್ಲಾಡಿಸಿದ್ರೆ ದೀಪ ಆರುತ್ತೆ. ಅವ್ನ ಹೆಂಡ್ತಿನೂ ಗಂಡ ಕುಡಿದಿದ್ದ ಅಂತಲೇ ನಂಬಿದಾಳಂತೆ. ನಾನು ಹೇಳಿಬಿಡ್ತೀನಿ."

"ತಲೆ ಕೆಟ್ಟಿದ್ಯಾ ನಿಂಗೆ? ಬಾಯಿ ಮುಚ್ಕೊಂಡಿರು! ನಾಳೆಯಿಂದ ನಿನ್ನ ಶೆಡ್ಡಿಗೆ ನಾಯಿನೂ ಕಾಲಿಡಲ್ಲ!"

ಅವನ ಮೇಲಿನ ಪ್ರೀತಿಗೆ ರೇಗಿದೆ ಎಂದು ಆಗ ಅಂದುಕೊಂಡಿದ್ದೆ. ಸುಳ್ಳು. ಅವನು ಬಾಯಿ ಬಿಟ್ಟರೆ ಅವತ್ತು 'ಬಿಡೋ' ಎಂದ ನನ್ನ ಮಾತೂ ಹೊರಬರುತ್ತದೆ ಎಂಬ ಹೆದರಿಕೆ ನನಗೆ. ಅವನು ಸೀದಾ ಸ್ಟೇಷನ್ನಿಗೆ ಹೋಗಿ ಹೇಳಿಕೆ ಬರೆದುಕೊಟ್ಟ. ನನ್ನ ಹೆಸರು ಅದರಲ್ಲಿರಲಿಲ್ಲ. ಇವತ್ತಿಗೂ ಅವನ ಶೆಡ್ಡಿಗೆ ಯಾವ ಗಾಡಿಯೂ ಬರುವುದಿಲ್ಲ.

ಆ ದಿನ ಸ್ಟೇಷನ್ನಿನಿಂದ ಅವನು ಭದ್ರಾವತಿಗೆ ಹೊರಟಾಗ ನಾನೂ ಜೊತೆಗೆ ಹೋದೆ, ನಾಚಿಕೆ ತಡೆಯಲಾರದೆ. ವಿಷ್ಣುವಿನ ಹೆಂಡತಿ ಸುವರ್ಣಮ್ಮ ಹೊಸ್ತಿಲಲ್ಲೇ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು. ಜಟ್ಟಪ್ಪ ತನ್ನ ತಪ್ಪಿನಲ್ಲಿ ಏನನ್ನೂ ಮುಚ್ಚಿಡಲಿಲ್ಲ.

"ಹಂಗಾದ್ರೆ ಅವ್ರು ಕುಡಿದಿರ್ಲಿಲ್ವಾ?" ಎಂದಳು.

"ಅದು ನಂಗೊತ್ತಿಲ್ಲ ತಾಯಿ. ದೀಪ ಆರಿತ್ತು. ಯಾರಿಗೂ ಕಾಣ್ತಿರ್ಲಿಲ್ಲ."

ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಹೆಣದ ಮುಂದೆ ನಿಂತು ಬೈದೆ ನಾನು. ಕೊಟ್ಟ ಮಾತು ತಪ್ಪಿದ್ಯಲ್ಲ ಪಾಪಿ ಅಂತ. ಮುಖಾನೂ ಸರಿಯಾಗಿ ನೋಡ್ದೆ ಕಳಿಸ್ಬಿಟ್ಟೆ."

ನಾನು ತಲೆ ತಗ್ಗಿಸಿದೆ. ಅವಳು ಜಟ್ಟಪ್ಪನ ಕಡೆ ತಿರುಗಿದಳು.

"ಆ ಬಣ್ಣ ಕೆರೆಯೋಕೆ ಎಷ್ಟು ಹೊತ್ತು ಬೇಕಿತ್ತು?"

"ಎರಡು ನಿಮಿಷ" ಎಂದ ಜಟ್ಟಪ್ಪ.