ಸಾಮಾನು ಸಮೇತದ ಮನೆ

ಕುಂದೂರಿನ ಆಸ್ಪತ್ರೆಗೆ ನರ್ಸಾಗಿ ವರ್ಗವಾದಾಗ ನನಗೆ ಬಾಡಿಗೆ ಮನೆ ಕೊಟ್ಟವರು ಒಬ್ಬ ಕಾಫಿ ಬೆಳೆಗಾರರು. ಮಂಚ, ಬೀರು, ಮೇಜು ಎಲ್ಲ ಇದ್ದ ಮನೆ. ಅದಕ್ಕೇ ಬಾಡಿಗೆ ಜಾಸ್ತಿ. ಬೀಗದ ಕೈ ಕೊಡುವಾಗ ಬೆರಳ ಗೆಣ್ಣಿನಿಂದ ಮಂಚವನ್ನು ಟಕಟಕ ಬಡಿದು, "ಬೀಟೆ ಮರ. ಎಲ್ಲಾ ನಿಮ್ದೇ ಅನ್ಕಳಿ ಸಿಸ್ಟರ್" ಅಂದರು.

ಏನು ಕೆಟ್ಟರೂ ಅವರದು ಇದೇ ಮಾತು. ಬೀರುವಿನ ಬಾಗಿಲು ಕಳಚಿಕೊಂಡಾಗ ಬಂದು ಬಡಿದು ನೋಡಿ, "ನಿಮ್ದೇ ಅನ್ಕಂಡು ರಿಪೇರಿ ಮಾಡ್ಸ್ಕಳಿ" ಎಂದು ಹೊರಟರು. ನಾನು ಕ್ಯಾಲೆಂಡರಿಗೆ ಒಂದು ಮೊಳೆ ಹೊಡೆದಾಗ ಮಾತ್ರ, "ಯಾರನ್ನ ಕೇಳಿ ಹೊಡುದ್ರಿ?" ಅಂದರು.

ಮಂಚದ ಕಾಲು ಅಲ್ಲಾಡುತ್ತಿದೆ ಎಂದು ಮೂರು ಸಲ ಹೇಳಿದ್ದೆ. ಒಂದು ಮಧ್ಯಾಹ್ನ, ನನ್ನ ಜೊತೆಗಿದ್ದ ಅಮ್ಮ ಮಂಚದ ಮೇಲೆ ಕೂತಿದ್ದಾಗಲೇ ಅದು ಕುಸಿಯಿತು. ಅಮ್ಮನ ಮಣಿಕಟ್ಟು ಮುರಿಯಿತು. ಸಿಟ್ಟಿನಲ್ಲಿ ಮಂಚವನ್ನು ಅಂಗಳಕ್ಕೆ ಎಳೆಸಿ, ಹಾಸನದಿಂದ ಕಬ್ಬಿಣದ ಮಂಚ ತರಿಸಿದೆ.

ಮಾರನೆಯ ದಿನ ಅವರು ಧಾವಿಸಿ ಬಂದರು. "ನಮ್ಮಪ್ಪನ ಕಾಲದ್ದು ಕಣ್ರೀ, ಬಿಸ್ಲಿಗೆ ಹಾಕ್ಬುಟ್ರಲ್ಲ!"

"ಮೊದಲು ಅಮ್ಮನ ಕೈ ನೋಡಿ" ಅಂದೆ.

ಪ್ಲಾಸ್ಟರ್ ಹಾಕಿದ ಕೈ ನೋಡಿ ಅವರ ಮುಖ ಸಪ್ಪಗಾಯಿತು. "ಅಯ್ಯೋ, ಬಾಳ ನೋವೈತಾ ಅಮ್ಮಾ?" ಎಂದು ಕೇಳಿ, ತಲೆ ತಗ್ಗಿಸಿ ನಿಂತರು. ನನ್ನ ಸಿಟ್ಟೂ ಇಳಿಯತೊಡಗಿತು. ಅಷ್ಟರಲ್ಲಿ ಅವರ ಕಣ್ಣು ಹೊಸ ಮಂಚದ ಮೇಲೆ ಬಿತ್ತು. ಹತ್ತಿರ ಹೋಗಿ ಎರಡೂ ಕೈಯಿಂದ ಅಲ್ಲಾಡಿಸಿ ನೋಡಿದರು.

"ಗಟ್ಟಿ ಐತೆ. ಮನೆ ಖಾಲಿ ಮಾಡೋವಾಗ ಇದ್ನ ಇಲ್ಲೇ ಬಿಟ್ಟೋಗ್ತೀರಿ ತಾನೆ?"