ಸೊನ್ನೆ ಅಂದರೆ ಏನು ಸಾರ್

ಸಾಗರದಲ್ಲಿ ಹನ್ನೆರಡು ವರ್ಷದಿಂದ ಕಂಪ್ಯೂಟರ್ ಕಲಿಸುವ ರವಿಶಂಕರ ಸರ್‌ಗೆ ಸಿ ಭಾಷೆ ಬಿಟ್ಟರೆ ಉಳಿದದ್ದೆಲ್ಲ ಮಕ್ಕಳಾಟಿಕೆ. ಪೈಥಾನ್ ಭಾಷೆ ಅಂದರೆ ಮೂಗು ಮುರಿಯುತ್ತಿದ್ದರು. ಮೂರು ತಾಲ್ಲೂಕಿನ ರಕ್ತದಾನಿಗಳನ್ನು ಹುಡುಕಿಕೊಡುವ ಪ್ರೋಗ್ರಾಂ ಒಂದನ್ನು ಅವರು ಸಿಯಲ್ಲೇ ಬರೆದಿದ್ದರು. ಅದು ಎಲ್ಲರ ಫೋನಿನಲ್ಲೂ ಒಂದು ಪುಟವಾಗಿ ಸಿಗುವಂತೆ ಮಾಡುವ ಕೆಲಸ ಅವರ ಶಿಷ್ಯೆ, ತೀರ್ಥಹಳ್ಳಿಯ ಭವ್ಯಾ, ಅಂದರೆ ನನ್ನ ಪಾಲಿಗೆ ಬಂತು.

ನಾನು ಬರೆದದ್ದು ಪೈಥಾನ್‌ನಲ್ಲೇ. ನನ್ನ ಪ್ರೋಗ್ರಾಂ ಅವರದನ್ನು ಕರೆಯುತ್ತದೆ, ಅವರದು ಹೆಸರುಗಳ ಜೊತೆಗೆ ಒಂದು ಅಂಕಿಯನ್ನೂ ವಾಪಸು ಕೊಡುತ್ತದೆ. ಪಾಸಿಟಿವ್ ಗುಂಪುಗಳಿಗೆಲ್ಲ ಒಂದು ಬಂತು. ನೆಗೆಟಿವ್ ಅಂದ ಕೂಡಲೇ ಸೊನ್ನೆ. ಪೈಥಾನ್‌ನಲ್ಲಿ ಸೊನ್ನೆ ಅಂದರೆ ಸುಳ್ಳು. ಅನುಮಾನವಾಗಿ ಫೋನ್ ಮಾಡಿದೆ.

"ಸೊನ್ನೆ ಬರ್ತಾ ಇದೆ ಸಾರ್. ಏನಾದ್ರೂ ತೊಂದ್ರೆನಾ?"

ಹೆಂಡತಿ ಅಪೇಕ್ಷಕ್ಕನ ಜೊತೆ ಮನೆಮಾತಿನಲ್ಲಿ ಹರಟುತ್ತಿದ್ದವರು ಅದೇ ಬಾಯಲ್ಲಿ, "ತೊಂದ್ರೆ ಇಲ್ಲೆ" ಅಂದು ಫೋನಿಟ್ಟರು.

ತೊಂದರೆ ಇಲ್ಲೇ ಇದೆ ಎಂದು ನಾನು ತಿಳಿದೆ. ಸೊನ್ನೆ ಬಂದರೆ ಜೊತೆಗೆ ಬಂದ ಹೆಸರುಗಳನ್ನು ಕಸವೆಂದು ಬಿಸಾಕಿ 'ದಾನಿಗಳು ಯಾರೂ ಇಲ್ಲ' ಎಂದು ತೋರಿಸುವಂತೆ ಮಾಡಿಬಿಟ್ಟೆ. ಇನ್ನೊಮ್ಮೆ ಕೇಳಬಹುದಿತ್ತು. ದಡ್ಡಿ ಅನ್ನಿಸಿಕೊಳ್ಳಲು ನನಗೆ ಜಂಭ ಅಡ್ಡ ಬಂತು.

ಮೂರು ತಿಂಗಳಿಗೆ ಹೊಸನಗರದಲ್ಲಿ ಅಪೇಕ್ಷಕ್ಕನ ಸ್ಕೂಟರಿಗೆ ಲಾರಿ ಗುದ್ದಿತು. ಓ ನೆಗೆಟಿವ್ ರಕ್ತ ಬೇಕಾಯಿತು. ಸರ್ ನಮ್ಮ ಪುಟ ತೆಗೆದು ನೋಡಿ, ನನಗೂ ಫೋನ್ ಮಾಡಿದರು. "ಪುಟ ಸರಿಯಾಗೇ ಇದೆ ಸಾರ್, ಯಾರೂ ಇಲ್ಲ" ಅಂದೆ. ಆಂಬುಲೆನ್ಸ್ ಶಿವಮೊಗ್ಗಕ್ಕೆ ಹೊರಟಿತು. ಅಪೇಕ್ಷಕ್ಕ ದಾರಿಯಲ್ಲೇ ಹೋಗಿಬಿಟ್ಟರು.

ಹದಿನೈದು ದಿನ ಕಳೆದ ಮೇಲೆ ಸರ್ ಬರೆದಿದ್ದ ಸಾಲುಗಳನ್ನು ಕೂತು ಓದಿದೆ. ಹೆಸರುಗಳು ಪುಟಕ್ಕೆ ಹಿಡಿಸದಷ್ಟಿದ್ದರೆ ಒಂದು, ಎಲ್ಲ ಸರಿಯಾಗಿ ಹಿಡಿಸಿದರೆ ಸೊನ್ನೆ. ಓ ನೆಗೆಟಿವ್ ಪಟ್ಟಿಯಲ್ಲಿ ಎರಡು ಹೆಸರಿದ್ದವು. ಮೊದಲನೆಯದು ಗುತ್ಯಪ್ಪ, ಹೊಸನಗರ ಬಸ್‌ಸ್ಟ್ಯಾಂಡ್ ಹತ್ತಿರ ಪಂಕ್ಚರ್ ಅಂಗಡಿ.

ಸರ್ ಮನೆಗೆ ಹೋಗಿ ಅಳುತ್ತಲೇ ಎಲ್ಲ ಹೇಳಿದೆ.

"ನಾನು ಎಂತ ಅಂದಿದ್ದೆ?"

"ತೊಂದ್ರೆ ಇಲ್ಲೇ ಅಂದ್ರಿ ಸಾರ್."

ಅವರ ಮುಖ ಬಿಳುಚಿಕೊಂಡಿತು. "ನಮ್ಮನೆ ಮಾತಲ್ಲಿ ಇಲ್ಲೆ ಅಂದ್ರೆ ಇಲ್ಲ ಅಂತ, ಮಾರಾಯ್ತಿ."

ಅವರು ನನ್ನನ್ನು ಬೈಯಲಿಲ್ಲ. ಗುತ್ಯಪ್ಪನನ್ನು ನೋಡಬೇಕು ಅಂದರು. ಇಬ್ಬರೂ ಹೊಸನಗರದ ಬಸ್ಸು ಹತ್ತಿದೆವು. ಅಪಘಾತವಾದ ದಿನ ಆ ಮನುಷ್ಯ ಊರಲ್ಲೇ ಇಲ್ಲದೆ ಇದ್ದಿರಲಪ್ಪ ದೇವರೇ ಎಂದು ನಾನು ದಾರಿಯುದ್ದಕ್ಕೂ ಬೇಡಿಕೊಂಡೆ.

ಗುತ್ಯಪ್ಪ ಟ್ಯೂಬಿಗೆ ತೇಪೆ ಹಾಕುತ್ತಿದ್ದ.

"ಹೋದ ತಿಂಗಳು ಹದಿನೇಳಕ್ಕೆ ಮಧ್ಯಾಹ್ನ ಎಲ್ಲಿದ್ರಿ?" ಸರ್ ಕೇಳಿದರು.

"ನಾನೆಲ್ ಹೋಗ್ತೀನಿ ಸಾರ್, ಅಂಗಡೀಲೇ ಇದ್ದೆ." ಇಬ್ಬರ ಮುಖವನ್ನೂ ನೋಡಿದ. ಏನೋ ಹೊಳೆದಂತೆ ಕೈ ಒರೆಸಿಕೊಳ್ಳುತ್ತ ಎದ್ದ. "ಯಾರಿಗಾರೂ ರಕ್ತ ಬೇಕಾಗಿತ್ತಾ? ನಡೀರಿ, ಈಗ್ಲೇ ಬತ್ತೀನಿ."