ಬ್ರೇಕಕ್ಕನ ಐದು ಗಂಟೆಯ ಬಸ್ಸು

ಬೆಳಗಿನ ಐದಕ್ಕೆ ಇನ್ನೂ ನಾಲ್ಕು ನಿಮಿಷವಿದೆ. ಎರಡನೇ ಮಹಡಿಯ ಪುಟ್ಟ ಮನೆಯಲ್ಲಿ, ಇಸ್ತ್ರಿ ಮೇಜಿನ ಮುಂದೆ ಕೂತ ಐವತ್ತೊಂದು ವರ್ಷದ ಹೆಂಗಸು ಕುರ್ಚಿಯನ್ನು ಗೇಣುದ್ದ ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಮೇಜಿನ ಅಂಚಿಗೆ ಬಿಗಿದಿರುವ ಸ್ಟೇರಿಂಗನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಿ ನೋಡುತ್ತಾರೆ. ಪಾದದ ಕೆಳಗಿನ ಪೆಡಲುಗಳು ಜಾರದಿರಲೆಂದು ಅವಕ್ಕೂ ಗೋಡೆಗೂ ನಡುವೆ ಹಲಗೆಯೊಂದನ್ನು ಸಿಕ್ಕಿಸಿದ್ದಾರೆ. ಕಂಪ್ಯೂಟರ್ ಪರದೆಯ ಮೇಲೆ ಖಾಲಿ ಬಸ್ಸು ನಿಂತಿದೆ. ಅವರು ಕನ್ನಡಿಗಳನ್ನು ಒಂದೊಂದಾಗಿ ನೋಡುತ್ತಾರೆ, ದೀಪ ಹಾಕಿ ಆರಿಸುತ್ತಾರೆ, ಒಮ್ಮೆ ಬ್ರೇಕ್ ಒತ್ತಿ ಬಿಡುತ್ತಾರೆ. ಪಕ್ಕದ ಸ್ಟೂಲಿನಲ್ಲಿ ಕೂತ ತಂಗಿ ಆಕಳಿಸಿ, "ಅಕ್ಕಾ, ಇದು ಆಟ ಕಣೇ. ಬ್ರೇಕ್ ಫೇಲಾಗಲ್ಲ" ಅನ್ನುತ್ತಾರೆ.

"ಆಟದವರಿಗೆ ಗೊತ್ತಿರಬಹುದು. ಬಸ್ಸಿಗೆ ಗೊತ್ತಾ?" ಅಂತ ಅಕ್ಕನ ಉತ್ತರ.

ಸರಿಯಾಗಿ ಐದಕ್ಕೆ ತಂಗಿ "ರೈಟ್ ರೈಟ್" ಎಂದು ಕೂಗುತ್ತಾರೆ. ಬಸ್ಸು ಹೊರಡುತ್ತದೆ. ಎಲ್ಲೆಲ್ಲೋ ಇರುವ ಸುಮಾರು ನಾನೂರು ಮಂದಿ ತಮ್ಮ ತಮ್ಮ ಫೋನುಗಳಲ್ಲಿ ಅದನ್ನು ನೋಡುತ್ತಿದ್ದಾರೆ. ಅವರಲ್ಲಿ ರಾತ್ರಿ ಪಾಳಿ ಮುಗಿಸಿದ ನರ್ಸುಗಳಿದ್ದಾರೆ, ಒಲೆ ಹಚ್ಚಿ ಕಾಯುತ್ತಿರುವ ಬೇಕರಿಯವರಿದ್ದಾರೆ, ಹಾಲೂಡಿಸಲು ಎದ್ದ ಬಾಣಂತಿಯರಿದ್ದಾರೆ. ಇವರೆಲ್ಲ ಸೇರಿ ಚಾಲಕಿಗೆ ಇಟ್ಟಿರುವ ಹೆಸರು ಬ್ರೇಕಕ್ಕ. ಬೇರೆ ಆಟಗಾರರು ಇಪ್ಪತ್ತು ನಿಮಿಷದಲ್ಲಿ ಹಾರಿಸಿಕೊಂಡು ಹೋಗುವ ಇಪ್ಪತ್ತಮೂರು ಕಿಲೋಮೀಟರ್ ದಾರಿಗೆ ಇವರು ಐವತ್ತೈದು ನಿಮಿಷ ತೆಗೆದುಕೊಳ್ಳುತ್ತಾರೆ. ಪ್ರತಿ ಕೆಂಪು ದೀಪಕ್ಕೂ ನಿಲ್ಲುತ್ತಾರೆ. ಹದಿನೆಂಟು ನಿಲ್ದಾಣಗಳಲ್ಲೂ ಕಂಪ್ಯೂಟರ್ ಸೃಷ್ಟಿಸಿದ ಪ್ರಯಾಣಿಕರು ಹತ್ತಿ ಕೂರುವವರೆಗೆ ಬಾಗಿಲು ಹಾಕುವುದಿಲ್ಲ. ಇಷ್ಟನ್ನು ನೋಡಿ ಜನ ಕೊಡುವ ಚಿಲ್ಲರೆ ದುಡ್ಡಿನಿಂದ ನಿಜವಾದ ರಸ್ತೆಯಲ್ಲಿ ನಿಜವಾದ ವ್ಯಾನೊಂದು ಓಡುತ್ತಿದೆ. ಕಿಡ್ನಿ ಕೈಕೊಟ್ಟ ಹದಿನಾಲ್ಕು ಜನರನ್ನು ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಕರೆದೊಯ್ದು ಮನೆಗೆ ತಂದು ಬಿಡುವ ವ್ಯಾನ್ ಅದು.

ಬ್ರೇಕಕ್ಕ ಹತ್ತೊಂಬತ್ತು ವರ್ಷ ಊರಿನ ಬಸ್ಸು ಓಡಿಸಿದವರು. ಆ ಡಿಪೋದಲ್ಲಿ ಚಾಲಕರ ಸೀಟಿಗೇರಿದ ಎರಡನೇ ಹೆಂಗಸು. "ಮೊದಲನೆಯವರು ಮೂರೇ ತಿಂಗಳಿಗೆ ಬಿಟ್ಟು ಹೋದ್ರಂತೆ. ನಂಗೂ ಅಷ್ಟೇ ಆಯಸ್ಸು ಅಂತ ಎಲ್ಲರೂ ಲೆಕ್ಕ ಹಾಕಿದ್ರು. ನಾನು ಲೆಕ್ಕದಲ್ಲಿ ಯಾವಾಗಲೂ ವೀಕು, ಹಾಗೇ ಉಳಿದುಬಿಟ್ಟೆ" ಎಂದು ನಗುತ್ತಾರೆ.

ಆರು ವರ್ಷದ ಹಿಂದೆ, ಒಂದು ಸೋಮವಾರ ಮಧ್ಯಾಹ್ನ, ಆ ನಗುವಿಗೆ ಕಲ್ಲು ಬಿತ್ತು. ಬಸ್ಸಿನಲ್ಲಿ ನಲವತ್ತೆರಡು ಜನರಿದ್ದರು. ಎಡಕ್ಕೆ ತಿರುಗಿಸುವಾಗ ಸೈಕಲ್ಲಿನ ಗಂಟೆ ಕೇಳಿಸಿತು, ಸೈಕಲ್ಲು ಕಾಣಿಸಲಿಲ್ಲ. ಕಂಡಕ್ಟರ್ ಕಿರುಚಿದ್ದಕ್ಕೆ ಬ್ರೇಕ್ ತುಳಿದರು. ಚಕ್ರಕ್ಕೂ ಸೈಕಲ್ಲಿಗೂ ಒಂದು ಅಂಗೈ ಅಂತರ ಉಳಿದಿತ್ತು. ಸೈಕಲ್ಲಿನವನು ಬಾಯಿಗೆ ಬಂದದ್ದು ಬೈದು ಹೊರಟುಹೋದ. ಯಾರಿಗೂ ಏನೂ ಆಗಲಿಲ್ಲ.

"ಏನೂ ಆಗಲಿಲ್ಲ ಅಂತ ಎಲ್ಲರೂ ಸಮಾಧಾನ ಮಾಡಿದ್ರು. ಆದ್ರೆ ನಂಗೆ ಗೊತ್ತಿತ್ತಲ್ಲ. ಒಂದು ತಿಂಗಳಿಂದ ಎಡಗಡೆ ಏನೋ ಮಂಜು ಮಂಜು. ನಿದ್ದೆಗೆಟ್ಟಿದ್ದಕ್ಕಿರಬೇಕು ಅಂತ ನನಗೆ ನಾನೇ ಸುಳ್ಳು ಹೇಳ್ಕೊಂಡಿದ್ದೆ" ಎನ್ನುವಾಗ ಅವರ ದನಿ ಇಳಿಯುತ್ತದೆ. ಬೀಗದ ಕೈ ತೆಗೆದು ಕಂಡಕ್ಟರ್ ಕೈಗಿಟ್ಟು, "ಬೇರೆ ಡ್ರೈವರನ್ನ ಕರೆಸಿ, ನಾನು ಓಡಿಸಲ್ಲ" ಅಂದರು. ಬದಲಿ ಚಾಲಕ ಬರಲು ನಲವತ್ತು ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ರಸ್ತೆ ಬದಿಯಲ್ಲಿ ನಿಂತು ಪ್ರಯಾಣಿಕರ ಬೈಗುಳ ಕೇಳಿದರು, ಕಾರಣ ಮಾತ್ರ ಹೇಳಲಿಲ್ಲ.

ಕಣ್ಣಿನ ಒತ್ತಡ ಏರಿ ನರ ಒಣಗುತ್ತಾ ಬಂದಿದೆ, ಎದುರಿನದ್ದು ಕಾಣುತ್ತದೆ, ಪಕ್ಕದ ನೋಟ ಹೋಗಿದೆ, ಹೋದದ್ದು ಮರಳುವುದಿಲ್ಲ ಎಂದರು ಕಣ್ಣಿನ ಡಾಕ್ಟರು. ಮುಂದಿನ ವೈದ್ಯಕೀಯ ತಪಾಸಣೆಗೆ ಇನ್ನೂ ನಾಲ್ಕು ತಿಂಗಳಿತ್ತು. ಡಿಪೋದ ಹಿರಿಯರೊಬ್ಬರು ಒಳ್ಳೆಯ ಮನಸ್ಸಿನಿಂದಲೇ, "ಅಲ್ಲಿವರೆಗೂ ಸುಮ್ಮನಿರಮ್ಮ, ಪೂರ್ತಿ ಸಂಬಳ ಬರುತ್ತೆ" ಎಂದು ಕಿವಿಮಾತು ಹೇಳಿದರು. ಬ್ರೇಕಕ್ಕ ಮರುದಿನವೇ ತಮ್ಮ ಕೈಯಾರೆ ಪತ್ರ ಬರೆದು ಲೈಸೆನ್ಸ್ ಒಪ್ಪಿಸಿದರು.

ಡಿಪೋ ಅವರನ್ನು ಕೈಬಿಡಲಿಲ್ಲ. ಬಸ್ಸಿನಲ್ಲಿ ಬಿಟ್ಟುಹೋದ ವಸ್ತುಗಳ ಕೋಣೆಗೆ ಹಾಕಿತು. ಇವತ್ತಿಗೂ ಅವರ ನೌಕರಿ ಅದೇ. ಒಂಬತ್ತರಿಂದ ಐದರವರೆಗೆ ಛತ್ರಿ, ಕನ್ನಡಕ, ಊಟದ ಡಬ್ಬಿಗಳ ನಡುವೆ ಕೂತು, ಯಾವುದು ಯಾವ ಬಸ್ಸಿನಲ್ಲಿ ಸಿಕ್ಕಿತು ಎಂದು ಚೀಟಿ ಅಂಟಿಸುತ್ತಾರೆ. "ಹೋದ ತಿಂಗಳು ಒಂದು ಹಲ್ಲಿನ ಸೆಟ್ ಬಂತು. ಒಂದು ವಾರ ಯಾರೂ ಕೇಳ್ಕೊಂಡು ಬರಲಿಲ್ಲ. ಆಮೇಲೆ ಒಬ್ರು ತಾತ ಬಂದ್ರು. ಏನು ಕಳ್ಕೊಂಡ್ರಿ ಅಂತ ಕೇಳೋ ಕಷ್ಟವೇ ಬರಲಿಲ್ಲ, ಬಾಯಿ ಬಿಟ್ಟ ಕೂಡಲೇ ಗೊತ್ತಾಯ್ತು."

ಹಗಲು ಹೀಗೆ ಕಳೆಯುತ್ತಿತ್ತು. ಮಲಗಿದರೆ ಮಾತ್ರ ಬಲಗಾಲು ಹೊದಿಕೆಯೊಳಗೆ ಪೆಡಲ್ ಹುಡುಕುತ್ತಿತ್ತು. ಒಂದೇ ಮಂಚದಲ್ಲಿ ಮಲಗುವ ತಂಗಿಗೆ ಆ ಒದೆತ ತಡೆಯಲಾಗಲಿಲ್ಲ. ಅವರು ಮನೆಯ ಹಳೆಯ ಕಂಪ್ಯೂಟರಿಗೆ ಬಸ್ಸು ಓಡಿಸುವ ಆಟವೊಂದನ್ನು ಹಾಕಿಸಿದರು. "ಮೊದಲ ದಿನ ಬೈದಳು. ಕನ್ನಡಿ ನೋಡೋಕೂ ಗುಂಡಿ ಒತ್ತಬೇಕಂತೆ, ಇದನ್ನ ಮಾಡಿದವನು ಜನ್ಮದಲ್ಲಿ ಬಸ್ ಓಡಿಸಿಲ್ಲ ಅಂತ. ಮೂರನೇ ದಿನ ಕುರ್ಚಿಯಿಂದ ಎಬ್ಬಿಸಿದ್ರೂ ಏಳಲಿಲ್ಲ" ಎನ್ನುತ್ತಾರೆ ತಂಗಿ.

ಬ್ರೇಕಕ್ಕ ಹೇಳುವುದೇ ಬೇರೆ. "ರಸ್ತೆ ಮೇಲೆ ಪಕ್ಕದ್ದು ಕಾಣದಿದ್ರೆ ಕೊಲೆ. ಇಲ್ಲಿ ಪರದೆಯ ಆಚೆ ಈಚೆ ಏನೂ ಇಲ್ಲವಲ್ಲ. ಕುರ್ಚಿ ಸ್ವಲ್ಪ ಹಿಂದೆ ಹಾಕ್ಕೊಂಡ್ರೆ ನನ್ನ ಕಣ್ಣಿಗೆ ಎಷ್ಟು ಕಾಣುತ್ತೋ ಪ್ರಪಂಚ ಅಷ್ಟೇ ಇದೆ. ಎಷ್ಟು ದಿನ ಆಗಿತ್ತು, ಯಾರಿಗೇನಾಗುತ್ತೋ ಅನ್ನೋ ಭಯ ಇಲ್ಲದೆ ಓಡಿಸಿ."

ಕಷ್ಟದ ಇನ್ನೊಂದು ತುದಿ ಈ ತಂಗಿಯದ್ದು. ನಲವತ್ತೇಳರ ಈಕೆ ಎಂಟು ವರ್ಷದಿಂದ ಡಯಾಲಿಸಿಸ್ ಮೇಲಿದ್ದಾರೆ. ದಿನಕ್ಕೆ ಇಷ್ಟೇ ನೀರು ಎಂಬ ಕಟ್ಟುಪಾಡು. ಬಾಯಾರಿದಾಗ ಬಟಾಣಿ ಗಾತ್ರದ ಮಂಜುಗಡ್ಡೆಯನ್ನು ನಾಲಿಗೆಯ ಮೇಲಿಟ್ಟುಕೊಂಡು ಕರಗಿಸುತ್ತಾರೆ. ಏಳು ಗಂಟೆಯ ಸರದಿಗೆ ಆಸ್ಪತ್ರೆ ತಲುಪಲು ಇವರಿಗೂ ಇನ್ನೈದು ರೋಗಿಗಳಿಗೂ ಇದ್ದದ್ದು ಬೆಳಗಿನ ಐದೂವರೆಯ ಬಸ್ಸು. ಎರಡು ವರ್ಷದ ಹಿಂದೆ ಜನ ಸಾಲದೆಂದು ಅದನ್ನು ನಿಲ್ಲಿಸಿದರು. ಆದೇಶದ ಹಾಳೆಯನ್ನು ಡಿಪೋದ ಫಲಕದಲ್ಲಿ ಬ್ರೇಕಕ್ಕನೇ ಮೊದಲು ಓದಿದರು. ಕಚೇರಿಯಿಂದ ಕಚೇರಿಗೆ ಅಲೆದರು. ಆರು ಜನಕ್ಕಾಗಿ ಬಸ್ಸು ಬಿಡಲಾಗುವುದಿಲ್ಲ ಎಂಬ ಉತ್ತರ ಎಲ್ಲ ಕಡೆಯೂ ತಯಾರಿತ್ತು.

"ಕೈಯಲ್ಲಿ ಲೈಸೆನ್ಸ್ ಇದ್ದಿದ್ರೆ ಯಾರದ್ದಾದ್ರೂ ಗಾಡಿ ಇಸ್ಕೊಂಡು ನಾನೇ ಬಿಟ್ಟು ಬರ್ತಿದ್ದೆ. ಹತ್ತೊಂಬತ್ತು ವರ್ಷ ಊರವರನ್ನೆಲ್ಲ ಹೊತ್ಕೊಂಡು ತಿರುಗಿದೆ. ಸ್ವಂತ ತಂಗೀನ ಆಸ್ಪತ್ರೆಗೆ ಮುಟ್ಟಿಸೋಕೆ ನಂಗಾಗಲಿಲ್ಲ" ಎಂದು ಅವರು ಸೀರೆಯ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಾರೆ. ಬಾಡಿಗೆ ಕಾರಿಗೆ ಸಂಬಳದ ಅರ್ಧ ಹೋಗುತ್ತಿತ್ತು. ಅದೂ ಆಗದವರು ಸರದಿ ತಪ್ಪಿಸತೊಡಗಿದರು. ಆ ಆರು ಜನರಲ್ಲಿ ನಿವೃತ್ತ ಮೇಷ್ಟ್ರೊಬ್ಬರಿದ್ದರು. ಸಾಲಾಗಿ ಎರಡು ಸರದಿ ತಪ್ಪಿಸಿದ ಅವರಿಗೆ ಶ್ವಾಸಕೋಶದಲ್ಲಿ ನೀರು ತುಂಬಿತು. ಐಸಿಯುವಿನಲ್ಲಿ ಒಂಬತ್ತು ದಿನ ಕಳೆದು ಬದುಕಿ ಬಂದರು.

ತಂಗಿ ಮಾತ್ರೆ ಕೊಳ್ಳುವ ಔಷಧಿ ಅಂಗಡಿಯ ಕೌಂಟರಿನಲ್ಲಿ ಒಬ್ಬ ಯುವತಿ ಕೆಲಸ ಮಾಡುತ್ತಾರೆ. ವಿಡಿಯೋ ಗೇಮ್ ಎಂದರೆ ಅವರಿಗೆ ಪ್ರಾಣ. ಅವರ ಆಟಗಾರರ ಕೂಟ ವರ್ಷಕ್ಕೊಮ್ಮೆ ಮೂರು ದಿನ ಬಿಡುವಿಲ್ಲದೆ ಸರದಿಯ ಮೇಲೆ ಆಡಿ, ನೋಡುಗರಿಂದ ದೇಣಿಗೆ ಸಂಗ್ರಹಿಸಿ ಯಾವುದಾದರೊಂದು ಒಳ್ಳೆಯ ಕೆಲಸಕ್ಕೆ ಕೊಡುತ್ತದೆ. ಮೇಷ್ಟ್ರ ಸುದ್ದಿ ಕೇಳಿದ ಯುವತಿ, "ಈ ಸಲ ರೋಗಿಗಳಿಗೆ ಒಂದು ವ್ಯಾನ್ ತರೋಣ" ಎಂದು ಕೂಟವನ್ನು ಒಪ್ಪಿಸಿದರು. ಒಂದೇ ತೊಡಕು. ಬೆಳಗಿನ ಐದರ ಸರದಿಗೆ ಯಾರೂ ಒಪ್ಪುತ್ತಿರಲಿಲ್ಲ. ಆಡುವವರಿಗೂ ನಿದ್ದೆ, ನೋಡುವವರಿಗೂ ನಿದ್ದೆ.

"ನಮ್ಮಕ್ಕಂಗೆ ಕೊಡಿ. ಅವಳು ನಾಲ್ಕಕ್ಕೇ ಎದ್ದು ಪಾತ್ರೆ ಬಡೀತಿರ್ತಾಳೆ" ಎಂದರು ತಂಗಿ.

ಕೂಟದವರು ಹಳೆಯ ಸ್ಟೇರಿಂಗ್ ಮತ್ತು ಪೆಡಲ್ ತಂದು ಜೋಡಿಸಿದರು. ಮೊದಲ ಬೆಳಗ್ಗೆ ಹನ್ನೊಂದು ಜನ ನೋಡಿದರು. ಎರಡನೆಯ ಬೆಳಗ್ಗೆ ಹದಿನಾರು. "ಇದೇನು, ಕೆಂಪು ದೀಪ ನೋಡೋಕೆ ನಾವು ಎದ್ದು ಕೂತಿದೀವಾ?" ಎಂದು ಒಬ್ಬರು ಬರೆದರು. ಮೂರನೆಯ ಬೆಳಗ್ಗೆ, ಅದೇ ಆಟದೊಳಗೆ ಲಾರಿ ಓಡಿಸುತ್ತಿದ್ದ ಅಪರಿಚಿತ ಆಟಗಾರನೊಬ್ಬ ಮೋಜಿಗೆಂದು ಬಂದು ಬ್ರೇಕಕ್ಕನ ಬಸ್ಸಿಗೆ ಗುದ್ದಿದ. ಗಾಜು ಪುಡಿಯಾಯಿತು. ನೋಡುತ್ತಿದ್ದವರು ನಗುವಿನ ಚಿಹ್ನೆಗಳನ್ನು ಸುರಿಸಿದರು.

ಬ್ರೇಕಕ್ಕ ನಗಲಿಲ್ಲ. ಬಸ್ಸನ್ನು ಬದಿಗೆ ನಿಲ್ಲಿಸಿದರು, ಎಚ್ಚರಿಕೆಯ ದೀಪ ಹಾಕಿದರು, ಬಾಗಿಲು ತೆರೆದರು. "ಯಾರಿಗೂ ಪೆಟ್ಟಾಗಿಲ್ಲ ತಾನೆ? ಹಿಂದೆ ಕೂತಿರೋ ಅಜ್ಜಿಗೆ ಏನಾಯ್ತು ನೋಡೇ!" ಅಂದರು. ತಂಗಿಯೂ ಅದೇ ಗಾಬರಿಯಲ್ಲಿ ಸ್ಟೂಲಿನಿಂದೆದ್ದು ಅಕ್ಕನ ಕುರ್ಚಿಯ ಹಿಂದೆ ತಿರುಗಿ ನೋಡಿದರು. ಅಲ್ಲಿದ್ದದ್ದು ಒಗೆದ ಬಟ್ಟೆಯ ಬುಟ್ಟಿ. ಒಂದು ಗಳಿಗೆ ಇಬ್ಬರೂ ಮುಖ ಮುಖ ನೋಡಿಕೊಂಡರು. ಆಮೇಲೆ ಬಿದ್ದು ಬಿದ್ದು ನಕ್ಕರು. ನಗುತ್ತಾ ನಗುತ್ತಾ ಅಕ್ಕನ ಕಣ್ಣಲ್ಲಿ ನೀರು ಬಂತು, ಅದು ನಿಲ್ಲಲಿಲ್ಲ. ಆ ಸೋಮವಾರದ ಸೈಕಲ್ಲಿನ ಕಥೆಯನ್ನು ಅವರು ಮೊದಲ ಬಾರಿಗೆ ಬಾಯಿಬಿಟ್ಟು ಹೇಳಿದ್ದು ಆಗಲೇ, ಗುರುತಿಲ್ಲದ ಹತ್ತೊಂಬತ್ತು ಜನರ ಮುಂದೆ.

ಆ ಹತ್ತು ನಿಮಿಷದ ತುಣುಕು ಮಧ್ಯಾಹ್ನದೊಳಗೆ ಊರೂರು ಸುತ್ತಿತು. ಅದರ ನಂತರ ಮೊದಲ ದೇಣಿಗೆ ಬಂದದ್ದು ಲಾರಿಯವನಿಂದಲೇ. ಜೊತೆಗೆ ಒಂದು ಸಾಲು ಬರೆದಿದ್ದ: "ತಪ್ಪಾಯ್ತು ಅಕ್ಕ, ಇನ್ಮೇಲೆ ನಿಮ್ಮ ಬಸ್ಸಿನ ಹಿಂದೆ ಕಾವಲಿಗೆ ಬರ್ತೀನಿ." ಸಂಜೆ ಆಟ ಮುಗಿಯುವ ಹೊತ್ತಿಗೆ, ಗಾಲಿಕುರ್ಚಿ ಎತ್ತುವ ಯಂತ್ರವಿರುವ ಸೆಕೆಂಡ್ ಹ್ಯಾಂಡ್ ವ್ಯಾನಿಗೆ ಬೇಕಾದಷ್ಟು ಹಣ ರೋಗಿಗಳ ಸಂಘದ ಖಾತೆಗೆ ನೇರವಾಗಿ ಸೇರಿತ್ತು.

ಅಲ್ಲಿಗೆ ನಿಲ್ಲಬಹುದಿತ್ತು. ಆದರೆ ವ್ಯಾನಿಗೆ ಡೀಸೆಲ್ ಬೇಕು, ಚಾಲಕನಿಗೆ ಸಂಬಳ ಬೇಕು. "ದಿನಾ ಬರ್ತೀರಾ?" ಎಂದು ಕೂಟದವರು ಹಿಂಜರಿಯುತ್ತಲೇ ಕೇಳಿದರು. "ಬಸ್ಸು ಅಂದ್ಮೇಲೆ ದಿನಾ ಬರಲೇಬೇಕಲ್ಲ" ಅಂದರು ಬ್ರೇಕಕ್ಕ. ಹದಿನಾಲ್ಕು ತಿಂಗಳಾಯಿತು. ವಾರಕ್ಕೆ ಆರು ದಿನ, ಒಟ್ಟು ಎಂಟು ಸಾವಿರದಷ್ಟು ಕಿಲೋಮೀಟರ್. ಕೆಂಪು ದೀಪ ದಾಟಿದ್ದು ಇಲ್ಲ. ಜ್ವರವಿದ್ದ ಎರಡು ದಿನ ಬಸ್ಸು ಹೊರಡಲಿಲ್ಲ. ಆ ಎರಡೂ ದಿನ ಲಾರಿಯವನು ಖಾಲಿ ನಿಲ್ದಾಣದಲ್ಲಿ ಲಾರಿ ನಿಲ್ಲಿಸಿಕೊಂಡು ಕಾದಿದ್ದನಂತೆ. ಈ ಹದಿನಾಲ್ಕು ತಿಂಗಳಲ್ಲಿ, ವ್ಯಾನ್ ಹತ್ತುವ ಹದಿನಾಲ್ಕು ಜನರಲ್ಲಿ ಯಾರೊಬ್ಬರೂ ವಾಹನವಿಲ್ಲವೆಂದು ಸರದಿ ತಪ್ಪಿಸಿಲ್ಲ.

ಅವರ ಬಗ್ಗೆ ಬರೆಯಲೆಂದು ನಾನು ಹೋದದ್ದು ಡಿಪೋ ಕೆಲಸಕ್ಕೆ ಅವರ ವಾರದ ರಜೆಯ ದಿನ. ಆರು ಗಂಟೆಗೆ ಆಟ ಮುಗಿಸಿ, ತಂಗಿಯ ಚೀಲಕ್ಕೆ ಶಾಲು ತುರುಕಿ, ನನ್ನನ್ನೂ ಹೊರಡಿಸುತ್ತಾರೆ. ಆರೂ ಹತ್ತಕ್ಕೆ ವ್ಯಾನ್ ಬೀದಿಯ ತಿರುವಿನಲ್ಲಿ ನಿಲ್ಲುತ್ತದೆ. ಬ್ರೇಕಕ್ಕ ಎಡಗಡೆ ತಡವಿ ಹಿಡಿಕೆ ಹುಡುಕಿ ಹತ್ತುತ್ತಾರೆ. ಸ್ಟೇರಿಂಗಿನ ಕಡೆ ಒಮ್ಮೆ ನೋಡಿ, ಹಿಂದಿನ ಸೀಟಿಗೆ ಹೋಗಿ ಕೂರುತ್ತಾರೆ. ಆಸೆಯಾಗುವುದಿಲ್ಲವೇ ಎಂದು ಕೇಳುತ್ತೇನೆ.

"ಆಗದೆ ಏನು? ಮೊದಲ ದಿನ ಈ ಡ್ರೈವರ್ ಹುಡುಗ ಚಾ ಕುಡಿಯೋಕೆ ಇಳಿದಾಗ ಆ ಸೀಟಿನ ಮೇಲೆ ಕೈ ಇಟ್ಟೆ. ಅಷ್ಟೇ. ಕೂರಲಿಲ್ಲ. ಕೂತಿದ್ರೆ ಏಳೋದು ಕಷ್ಟ ಆಗ್ತಿತ್ತು."

ಏಳರಿಂದ ಹನ್ನೊಂದರವರೆಗೆ ಯಂತ್ರಗಳು ಏಳು ಜನರ ರಕ್ತ ಶುದ್ಧ ಮಾಡುತ್ತವೆ. ಉಳಿದ ಏಳು ಜನರ ಪಾಳಿ ನಾಳೆ. ಬ್ರೇಕಕ್ಕ ಹೊರಗಿನ ಬೆಂಚಿನಲ್ಲಿ ಕೂತು ಮನೆಯಿಂದ ತಂದ ತೊಗಲಿನ ಚೀಲವೊಂದಕ್ಕೆ ಹೊಲಿಗೆ ಹಾಕುತ್ತಾರೆ. ಯಾರೋ ಬಸ್ಸಿನಲ್ಲಿ ಬಿಟ್ಟು ಹೋದದ್ದು. ಹರಿದ ಚೀಲವನ್ನು ಹಾಗೇ ಹಿಂದಿರುಗಿಸಲು ಮನಸ್ಸಾಗಲಿಲ್ಲವಂತೆ. ನಡುವೆ ಅವರ ಮುಂದಿನ ಯೋಜನೆಯೂ ಹೊರಬರುತ್ತದೆ. ಕೆರೆಯಾಚೆಯ ಬಡಾವಣೆಯಲ್ಲಿ ಇನ್ನೂ ಒಂಬತ್ತು ರೋಗಿಗಳಿದ್ದಾರೆ, ಈ ವ್ಯಾನ್ ಅಲ್ಲಿಗೆ ಹೋಗಿ ಬರುವಷ್ಟು ಹೊತ್ತಿಲ್ಲ. ಈ ವರ್ಷ ಮೂರು ತಿಂಗಳು ತಡವಾದ ಕೂಟದ ಮೂರು ದಿನದ ಆಟ ಮುಂದಿನ ತಿಂಗಳು ಮತ್ತೆ ಬರುತ್ತದೆ, ಎರಡನೇ ವ್ಯಾನಿಗೆಂದು. ಈ ಸಲ ಬೆಳಗಿನ ಐದರ ಸರದಿಗೆ ಪೈಪೋಟಿ ಶುರುವಾಗಿದೆ ಎಂದು ಔಷಧಿ ಅಂಗಡಿಯ ಯುವತಿ ಫೋನಿನಲ್ಲಿ ಹೇಳಿದ್ದರು.

ಹನ್ನೊಂದೂವರೆಗೆ ವ್ಯಾನ್ ಮನೆಯ ಕಡೆ ತಿರುಗುತ್ತದೆ. ಡಯಾಲಿಸಿಸ್ ಆದ ಮೈಗೆ ಎಲ್ಲಿಲ್ಲದ ಸುಸ್ತು. ಮೊದಲು ಕಣ್ಣು ಮುಚ್ಚುವವರು ಮೇಷ್ಟ್ರು, ಕಿಟಕಿಗೆ ತಲೆ ಆನಿಸಿಕೊಂಡು. ಆಮೇಲೆ ಒಬ್ಬೊಬ್ಬರಾಗಿ ಉಳಿದವರು. ತಂಗಿಯ ತಲೆ ಅಕ್ಕನ ಹೆಗಲಿಗೆ ಜಾರುತ್ತದೆ. ಎರಡನೇ ವ್ಯಾನ್ ಬರುತ್ತದೆ ಎಂಬ ನಂಬಿಕೆ ಇದೆಯೇ ಎಂದು ನಾನು ಕೇಳುತ್ತೇನೆ. ದನಿ ಸ್ವಲ್ಪ ಜೋರಾಯಿತೇನೋ, ಅವರು ತುಟಿಯ ಮೇಲೆ ಬೆರಳಿಡುತ್ತಾರೆ.

"ಬರುತ್ತೆ ಬಿಡಿ" ಎಂದು ಪಿಸುಗುಡುತ್ತಾರೆ. "ಮೆಲ್ಲಗೆ ಮಾತಾಡಿ. ನೋಡಿ, ಎಲ್ಲರೂ ಮಲಗಿದ್ದಾರೆ. ಪ್ಯಾಸೆಂಜರು ನಂಬಿ ನಿದ್ದೆ ಮಾಡಿದ್ರೆ ಡ್ರೈವರಿಗೆ ಇನ್ನೇನು ಬೇಕು?"